ಕಣ್ಣೂರಿನ ಮೂರು ಬಾವುಟಗಳು, ನಮ್ಮ ಒಂದು ಮನವಿ

ಕೇರಳದ ಸ್ಥಳೀಯಾಡಳಿತ ಸಂಸ್ಥೆಗಳಿಗೆ 2025ರ ಡಿಸೆಂಬರ್ 9 ಮತ್ತು 11ರಂದು ಮತದಾನ ನಡೆದು 13ರಂದು ಫಲಿತಾಂಶ ಹೊರಬಿತ್ತು. ಅದಾಗಿ ಎರಡು ವಾರ ಕಳೆದಾಗ ತ್ರಿಶೂರು ಜಿಲ್ಲೆಯ ಮಟ್ಟತ್ತೂರು ಗ್ರಾಮ ಪಂಚಾಯತಿನ ಸುದ್ದಿ ಬಂತು. ಅಲ್ಲಿ ಕಾಂಗ್ರೆಸ್ಸಿನ ಚಿಹ್ನೆಯಲ್ಲಿ ಗೆದ್ದಿದ್ದ 8 ಮಂದಿ ಸದಸ್ಯರೂ ಒಟ್ಟಾಗಿ ಪಕ್ಷಕ್ಕೆ ರಾಜೀನಾಮೆಯಿತ್ತು, ಬಿಜೆಪಿ ಸದಸ್ಯರ ಜತೆ ಸೇರಿ ಪಂಚಾಯತಿನ ಅಧ್ಯಕ್ಷರನ್ನು ಆರಿಸಿದ್ದರು. ಬೆರಳಿನ ಶಾಯಿ ಇನ್ನೂ ಮಾಸಿರದ ಮತದಾರನಿಗೆ ತನ್ನ ಮತ ಯಾವ ದಿಕ್ಕಿಗೆ ಹೋಯಿತೆಂದು ತಿಳಿಯಲು ಮರುದಿನದ ಪತ್ರಿಕೆಯನ್ನೇ ನೋಡಬೇಕಾಯಿತು.

ತ್ರಿಶೂರು ನಮಗೆ ದೂರ. ಅಲ್ಲಿನ ಪಂಚಾಯತಿನ ಅಧ್ಯಕ್ಷರು ಯಾರಾದರೂ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಮಗುವಿಗೆ ನೇರವಾಗಿ ಆಗುವುದು ಹೋಗುವುದು ಏನೂ ಇಲ್ಲ. ಆದರೆ ಪಕ್ಷಾಂತರದ ವಿಚಾರ ನಮಗೆ ದೂರದ್ದಲ್ಲ. ಭಾಷಾ ಅಲ್ಪಸಂಖ್ಯಾತರಾದ ನಮ್ಮ ಬೇಡಿಕೆಗಳು ಯಾವ ಪಕ್ಷದ ಪ್ರಣಾಳಿಕೆಯಲ್ಲೂ ಮೊದಲ ಪುಟದಲ್ಲಿ ಇರುವುದಿಲ್ಲ. ಅವು ಹೆಚ್ಚಾಗಿ ಒಬ್ಬ ವ್ಯಕ್ತಿಯ ಭರವಸೆಯಾಗಿ, ಅವನ ನಾಲಗೆಯ ಮೇಲೆ ಮಾತ್ರ ಬದುಕಿರುತ್ತವೆ. ಆ ವ್ಯಕ್ತಿ ಪಕ್ಷ ಬದಲಿಸಿದರೆ ಭರವಸೆಯ ಗತಿಯೇನು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಮ್ಮ ಪಕ್ಕದ ಕಣ್ಣೂರು ನಗರದಿಂದ ಎದ್ದುಬಂದ ಒಬ್ಬ ರಾಜಕಾರಣಿಯ ಜೀವನಪಥವನ್ನು ನೋಡುವುದು ಉಚಿತವೆಂದು ನಮಗೆ ತೋರುತ್ತದೆ.

ಎ.ಪಿ. ಅಬ್ದುಲ್ಲಕುಟ್ಟಿ ಹುಟ್ಟಿದ್ದು 1967ರಲ್ಲಿ. ಎಸ್‌ಎಫ್‌ಐ ವಿದ್ಯಾರ್ಥಿ ಸಂಘಟನೆಯ ನಾಯಕರಾಗಿ ಬೆಳೆದ ಅವರನ್ನು ಸಿಪಿಎಂ 1999ರಲ್ಲಿ ಕಣ್ಣೂರು ಲೋಕಸಭಾ ಕ್ಷೇತ್ರದ ಅಭ್ಯರ್ಥಿಯನ್ನಾಗಿ ಮಾಡಿದಾಗ ಪಕ್ಷದವರಿಗೇ ಗೆಲುವಿನ ನಂಬಿಕೆ ಹೆಚ್ಚಿರಲಾರದು. ಕಣ್ಣೂರು ಕಮ್ಯೂನಿಸ್ಟರ ಕೋಟೆಯೆಂದು ಹೆಸರಾಗಿದ್ದರೂ ಲೋಕಸಭೆಗೆ ಅಲ್ಲಿಂದ 1984ರಿಂದ ಸತತ ಐದು ಸಲ ಗೆದ್ದವರು ಕಾಂಗ್ರೆಸ್ಸಿನ ಮುಲ್ಲಪ್ಪಳ್ಳಿ ರಾಮಚಂದ್ರನ್. ಅಂಥವರನ್ನು 32ರ ತರುಣ 10 ಸಾವಿರಕ್ಕೂ ಮಿಕ್ಕಿದ ಮತಗಳಿಂದ ಸೋಲಿಸಿದ. ಕೇರಳ ಅವರಿಗೆ 'ಅದ್ಭುತಕುಟ್ಟಿ' ಎಂದು ಹೆಸರಿಟ್ಟಿತು. 2004ರಲ್ಲಿ ಅದೇ ಎದುರಾಳಿಯ ವಿರುದ್ಧ ಗೆಲುವಿನ ಅಂತರ 80 ಸಾವಿರವನ್ನು ದಾಟಿತು. ಅಂದಿನ ಕಣ್ಣೂರಿನಲ್ಲಿ ಈ ಯುವಕ ಮುಂದೆ ಎಲ್ಲಿಗೇರಬಹುದೆಂದು ಕೇಳಿದ್ದರೆ ತಿರುವನಂತಪುರದ ಸಚಿವ ಸಂಪುಟವನ್ನೇ ಹೆಚ್ಚಿನವರು ತೋರಿಸುತ್ತಿದ್ದರು.

ಮುರುಕು ಕಾಣಿಸಿದ್ದು 2009ರ ಆರಂಭದಲ್ಲಿ. ನರೇಂದ್ರ ಮೋದಿಯವರು ಗುಜರಾತಿನಲ್ಲಿ ಅನುಸರಿಸಿದ ಅಭಿವೃದ್ಧಿ ಕ್ರಮವನ್ನು ಅಬ್ದುಲ್ಲಕುಟ್ಟಿ ಬಹಿರಂಗವಾಗಿ ಮೆಚ್ಚಿದರು. ಸಿಪಿಎಂ ಮೊದಲು ಅಮಾನತು ಮಾಡಿತು, ಅನಂತರ ಉಚ್ಚಾಟಿಸಿತು. ಕಾಂಗ್ರೆಸ್ ಅವರನ್ನು ಬರಮಾಡಿಕೊಂಡಿತು. ಅದೇ ವರ್ಷ ಕೆ. ಸುಧಾಕರನ್ ಲೋಕಸಭೆಗೆ ಆಯ್ಕೆಯಾಗಿ ತೆರವಾದ ಕಣ್ಣೂರು ವಿಧಾನಸಭಾ ಸ್ಥಾನಕ್ಕೆ ನವೆಂಬರಿನಲ್ಲಿ ಉಪಚುನಾವಣೆ ನಡೆಯಿತು. ಅಬ್ದುಲ್ಲಕುಟ್ಟಿ ಈ ಸಲ ಕಾಂಗ್ರೆಸ್ಸಿನ ಕೈ ಚಿಹ್ನೆಯಲ್ಲಿ ನಿಂತು, ತಮ್ಮ ನಿನ್ನೆಯ ಪಕ್ಷದ ಎಂ.ವಿ. ಜಯರಾಜನ್ ಅವರನ್ನು ಸೋಲಿಸಿದರು. 2011ರಲ್ಲಿ ಮತ್ತೊಮ್ಮೆ ಅಲ್ಲಿಂದಲೇ ಗೆದ್ದರು. ಈ ನಡುವೆ ಅವರು ಬರೆದ ಆತ್ಮಕಥನದ ಹೆಸರು 'ನಿಂಙಳೆನ್ನೆ ಕೋಂಗ್ರಸ್ಸಾಕ್ಕಿ', ಅಂದರೆ ನೀವು ನನ್ನನ್ನು ಕಾಂಗ್ರೆಸ್ಸಿಗನನ್ನಾಗಿ ಮಾಡಿದಿರಿ. ತೋಪ್ಪಿಲ್ ಭಾಸಿಯವರ 1952ರ ಪ್ರಸಿದ್ಧ ನಾಟಕ 'ನಿಂಙಳೆನ್ನೆ ಕಮ್ಯೂನಿಸ್ಟಾಕ್ಕಿ'ಯನ್ನು ಬಲ್ಲ ಮಲಯಾಳಿ ಓದುಗ ಆ ಹೆಸರನ್ನು ಕಂಡು ನಕ್ಕಿರಬೇಕು. ನಾಟಕದಲ್ಲಿ ಆ ಮಾತಿನ ಹಿಂದೆ ಇದ್ದುದು ಹೊಲಗದ್ದೆಗಳ ದಬ್ಬಾಳಿಕೆ. ಪುಸ್ತಕದಲ್ಲಿ ಇದ್ದುದು ಒಂದು ಪಕ್ಷದ ಶಿಸ್ತುಕ್ರಮ. ಎರಡರಲ್ಲೂ ಕರ್ತೃ ಒಬ್ಬನೇ: 'ನೀವು'. ಪಕ್ಷ ಬದಲಿಸಿದ ಯಾವ ರಾಜಕಾರಣಿಯೂ ತಾನಾಗಿ ಹೋದೆನೆಂದು ಹೇಳಿದ್ದನ್ನು ನಾವು ಕೇಳಿಲ್ಲ. ಎಲ್ಲರನ್ನೂ ಯಾರೋ ದೂಡಿರುತ್ತಾರೆ.

2016ರಲ್ಲಿ ಕಾಂಗ್ರೆಸ್ ಅವರನ್ನು ಕಣ್ಣೂರಿನಿಂದ ತಲಶ್ಶೇರಿಗೆ ಕಳುಹಿಸಿತು. ಸಿಪಿಎಂನ ಎ.ಎನ್. ಶಂಸೀರ್ ಎದುರು 34 ಸಾವಿರಕ್ಕೂ ಹೆಚ್ಚು ಮತಗಳ ಸೋಲು. ಮೂರು ವರ್ಷಗಳ ಬಳಿಕ, 2019ರ ಲೋಕಸಭಾ ಫಲಿತಾಂಶ ಬಂದೊಡನೆ, ಮೋದಿಯವರ ಗೆಲುವನ್ನು ಹೊಗಳಿ ಅವರು ಫೇಸ್‌ಬುಕ್ಕಿನಲ್ಲಿ ಬರೆದರು. ಹತ್ತು ವರ್ಷಗಳ ಹಿಂದಿನ ಕಥೆ ಮರುಕಳಿಸಿತು: ಜೂನ್ ಆರಂಭದಲ್ಲಿ ಕಾಂಗ್ರೆಸ್ಸಿನಿಂದ ಉಚ್ಚಾಟನೆ, ಅದೇ ತಿಂಗಳ ಕೊನೆಯಲ್ಲಿ ದೆಹಲಿಯಲ್ಲಿ ಬಿಜೆಪಿ ಸೇರ್ಪಡೆ. ಬಿಜೆಪಿ ಅವರನ್ನು ಮೊದಲು ರಾಜ್ಯ ಉಪಾಧ್ಯಕ್ಷರನ್ನಾಗಿಯೂ 2020ರಲ್ಲಿ ರಾಷ್ಟ್ರೀಯ ಉಪಾಧ್ಯಕ್ಷರನ್ನಾಗಿಯೂ ಮಾಡಿತು. 2021ರ ಮಲಪ್ಪುರಂ ಲೋಕಸಭಾ ಉಪಚುನಾವಣೆಯಲ್ಲಿ ಅವರು ಮೂರನೆಯ ಸ್ಥಾನಕ್ಕೆ ಇಳಿದರು. 2022ರಲ್ಲಿ ಭಾರತೀಯ ಹಜ್ ಸಮಿತಿಯ ಅಧ್ಯಕ್ಷರಾದರು.

ಕೆಂಬಾವುಟ, ತ್ರಿವರ್ಣ, ಕೇಸರಿ. ಇಷ್ಟನ್ನು ನೋಡಿದವರು ಅವಕಾಶವಾದವೆಂಬ ಒಂದೇ ಪದದಲ್ಲಿ ಮಾತು ಮುಗಿಸುವುದುಂಟು. ನಮಗೆ ಅಷ್ಟು ಬೇಗ ತೀರ್ಪು ಕೊಡಲು ಮನಸ್ಸಿಲ್ಲ. ಎರಡು ಸಲವೂ ಅವರು ಬಿಟ್ಟುಹೋದವರಲ್ಲ, ಹೊರಹಾಕಲ್ಪಟ್ಟವರು. ಎರಡು ಸಲವೂ ಕಾರಣ ಹೆಚ್ಚುಕಡಿಮೆ ಒಂದೇ ಮಾತು. 2009ರಲ್ಲಿ ಆ ಮಾತನ್ನಾಡಿದಾಗ ಅವರು ಹಾಲಿ ಸಂಸದರು, ಬಿಜೆಪಿಗೆ ಕೇರಳ ವಿಧಾನಸಭೆಯಲ್ಲಿ ಒಂದು ಸ್ಥಾನವೂ ಇರಲಿಲ್ಲ. ಲಾಭದ ಲೆಕ್ಕ ಹಾಕುವವನು ಅಂದು ಆ ಮಾತು ಆಡುತ್ತಿರಲಿಲ್ಲ. ಇನ್ನೊಂದು ಮುಖವೂ ಇದೆ. ಗುಜರಾತನ್ನು ಮೆಚ್ಚಿದ ಅದೇ ಮನುಷ್ಯ ಮುಂದಿನ ಹತ್ತು ವರ್ಷ ಬಿಜೆಪಿಯನ್ನು ಸೋಲಿಸುವುದೇ ಗುರಿಯೆನ್ನುವ ಪಕ್ಷದಲ್ಲಿದ್ದು, ಅದರ ಚಿಹ್ನೆಯಲ್ಲಿ ಎರಡು ಸಲ ಶಾಸಕರಾದರು. ಮೆಚ್ಚುಗೆ ಮತ್ತೆ ಬಾಯಿಗೆ ಬಂದದ್ದು ತಲಶ್ಶೇರಿಯಲ್ಲಿ ಸೋತು, ಕೈಯಲ್ಲಿ ಯಾವ ಸ್ಥಾನವೂ ಉಳಿಯದ ಮೇಲೆ. ಒಂದು ಉಚ್ಚಾಟನೆಗೆ ನಂಬಿಕೆ ಕಾರಣವೆಂದು ಒಪ್ಪಿದರೂ ಎರಡನೆಯದಕ್ಕೆ ಕಾಲಜ್ಞಾನವೂ ಕಾರಣವೆಂದು ಅನುಮಾನಿಸಲು ಎಡೆಯಿದೆ.

ನಮ್ಮ ಕಡೆ ಯಕ್ಷಗಾನದ ಕಲಾವಿದರು ಮೇಳ ಬದಲಿಸುವುದು ಹೊಸತಲ್ಲ. ಪತ್ತನಾಜೆಗೆ ಗೆಜ್ಜೆ ಬಿಚ್ಚಿಟ್ಟವನು ಮುಂದಿನ ತಿರುಗಾಟಕ್ಕೆ ಬೇರೊಂದು ಮೇಳದ ಚೌಕಿಯಲ್ಲಿ ಕುಳಿತಿದ್ದರೆ ಯಾರೂ ದ್ರೋಹವೆನ್ನುವುದಿಲ್ಲ. ಅವನ ಮಾತುಗಾರಿಕೆ, ಕುಣಿತ, ಬಣ್ಣದ ಹದ ಅವನ ಜತೆಗೇ ಹೋಗುತ್ತವೆ. ಪ್ರೇಕ್ಷಕನೂ ಅವನನ್ನು ಅರಸಿ ಆ ಮೇಳದ ಆಟಕ್ಕೆ ಹೋಗುತ್ತಾನೆ. ರಾಜಕಾರಣಿಯ ವಿಷಯದಲ್ಲಿ ಕೇಳಬೇಕಾದದ್ದೂ ಇದನ್ನೇ ಎಂದು ನಮ್ಮ ಅಭಿಪ್ರಾಯ. ಎಷ್ಟು ಮೇಳ ಬದಲಿಸಿದ ಎಂಬುದಕ್ಕಿಂತ ಒಂದರಿಂದ ಇನ್ನೊಂದಕ್ಕೆ ಏನನ್ನು ಹೊತ್ತುಕೊಂಡು ಹೋದ? ಮತದಾರನಿಗೆ ಕೊಟ್ಟ ಮಾತು ಆ ಗಂಟಿನಲ್ಲಿತ್ತೇ? ಅಬ್ದುಲ್ಲಕುಟ್ಟಿಯವರ ಗಂಟಿನಲ್ಲಿ ಅಭಿವೃದ್ಧಿಯ ಕುರಿತ ಒಂದು ವಾದವಿತ್ತು, ಒಬ್ಬ ನಾಯಕರ ಕುರಿತ ಮೆಚ್ಚುಗೆಯಿತ್ತು. ಅದನ್ನು ಹೊತ್ತುಕೊಂಡು 2009ರಲ್ಲಿಯೂ 2011ರಲ್ಲಿಯೂ ಗೆದ್ದ ಅವರು ಆ ಬಳಿಕ ಸ್ಪರ್ಧಿಸಿದ ತಲಶ್ಶೇರಿ, ಮಲಪ್ಪುರಂ ಎರಡರಲ್ಲೂ ಸೋತರು. ನ್ಯಾಯಕ್ಕಾಗಿ ಹೇಳಬೇಕಾದ ಮಾತೆಂದರೆ, ಆ ಎರಡೂ ಯಾವ ಪಕ್ಷಾಂತರವನ್ನೂ ಮಾಡದ ಅಭ್ಯರ್ಥಿಗೂ ಕಠಿಣವಾದ ಕ್ಷೇತ್ರಗಳೇ. ಕಣ್ಣೂರಿನ ಮತದಾರರು ಅವರನ್ನು ಮೂರನೆಯ ಬಾವುಟದ ಕೆಳಗೆ ತೂಗಿ ನೋಡುವ ಸಂದರ್ಭವೇ ಆ ಚುನಾವಣೆಗಳಲ್ಲಿ ಒದಗಲಿಲ್ಲ.

ಅದೇ ಕಣ್ಣೂರಿನಲ್ಲಿ ಇನ್ನೊಂದು ಬಗೆಯ ಜಿಗಿತವೂ ನಡೆಯಿತು. ಪತ್ರಿಕೆಗಳ ರಾಷ್ಟ್ರೀಯ ಪುಟಗಳಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ಕಡಿಮೆ. ನಮಗೆ ಪಾಠ ಹೆಚ್ಚಿರುವುದು ಅಲ್ಲಿಯೇ. 2015ರಲ್ಲಿ ಕಣ್ಣೂರು ನಗರಸಭೆ ಮಹಾನಗರಪಾಲಿಕೆಯಾಗಿ ಬಡ್ತಿ ಹೊಂದಿ ಮೊದಲ ಚುನಾವಣೆ ಕಂಡಿತು. ಒಟ್ಟು 55 ವಾರ್ಡುಗಳಲ್ಲಿ ಎಡರಂಗಕ್ಕೆ 27, ಐಕ್ಯರಂಗಕ್ಕೆ 27. ಉಳಿದ ಒಂದು ಸ್ಥಾನ ಕಾಂಗ್ರೆಸ್ಸಿನ ವಿರುದ್ಧ ಬಂಡೆದ್ದು ಗೆದ್ದ ಪಿ.ಕೆ. ರಾಗೇಶ್ ಅವರದು. ಇಡೀ ನಗರದ ಆಡಳಿತ ಒಂದು ಕೈಯ ಮೇಲೆ ನಿಂತಿತು. ಅವರು ಎಡರಂಗದತ್ತ ವಾಲಿದರು. ಸಿಪಿಎಂನ ಇ.ಪಿ. ಲತಾ ಮೊದಲ ಮೇಯರ್ ಆದರು. ಮುಂದೆ ಉಪಮೇಯರ್ ಸ್ಥಾನ ರಾಗೇಶ್ ಅವರಿಗೂ ದೊರೆಯಿತು. 2019ರ ಆಗಸ್ಟಿನಲ್ಲಿ ಅವರು ಮರಳಿ ಐಕ್ಯರಂಗದತ್ತ ಬಂದರು. ಅವಿಶ್ವಾಸ ಗೊತ್ತುವಳಿಯಲ್ಲಿ ಲತಾ ಅಧಿಕಾರ ಕಳೆದುಕೊಂಡರು, ಕಾಂಗ್ರೆಸ್ಸಿನ ಸುಮಾ ಬಾಲಕೃಷ್ಣನ್ ಮೇಯರ್ ಆದರು. ಮತದಾರರು ಚುನಾವಣೆ ಕಂಡದ್ದು ಒಂದು ಸಲ, ಆಡಳಿತ ಕಂಡದ್ದು ಎರಡು. ತ್ರಿಶೂರಿನಲ್ಲೂ 2020ರಲ್ಲಿ ಹೀಗೆಯೇ ಆಯಿತು. ಕಾಂಗ್ರೆಸ್ಸಿನ ಬಂಡಾಯಗಾರ ಎಂ.ಕೆ. ವರ್ಗೀಸ್ ಎಡರಂಗದ ಬೆಂಬಲದಿಂದ ಮೇಯರ್ ಕುರ್ಚಿಯೇರಿದರು. ಅಬ್ದುಲ್ಲಕುಟ್ಟಿಯವರ ಪಕ್ಷಾಂತರಗಳಿಂದ ಯಾವ ಸರಕಾರವೂ ಬೀಳಲಿಲ್ಲ, ಏಳಲೂ ಇಲ್ಲ. ಹೆಸರೇ ಕೇಳದ ವಾರ್ಡ್ ಸದಸ್ಯನ ಒಂದು ಮತದಿಂದ ನಗರದ ನೀರು, ರಸ್ತೆ, ಶಾಲಾ ಕಟ್ಟಡಗಳ ಹಣ ಯಾರ ಸಹಿಯಿಂದ ಹೊರಡಬೇಕೆಂಬುದೇ ಬದಲಾಯಿತು.

ಇತ್ತೀಚಿನ ದೊಡ್ಡ ಪ್ರದರ್ಶನ ನಡೆದದ್ದು ಪಾಲಕ್ಕಾಡು ನಗರದಲ್ಲಿ, 2024ರ ಉಪಚುನಾವಣೆಯ ಹೊತ್ತಿಗೆ. ಒಂದೇ ತಿಂಗಳಲ್ಲಿ ಇಬ್ಬರು ಯುವ ನಾಯಕರು ಎರಡು ದಿಕ್ಕಿನಲ್ಲಿ ಹೊಳೆ ದಾಟಿದರು. ವೈದ್ಯಕೀಯ ಓದಿ, ಕೇಂದ್ರ ಸೇವೆಯ ಹುದ್ದೆ ಬಿಟ್ಟು ಕಾಂಗ್ರೆಸ್ ಸೇರಿದ್ದ ಪಿ. ಸರಿನ್ ಆ ಪಕ್ಷದ ಡಿಜಿಟಲ್ ಮಾಧ್ಯಮ ವಿಭಾಗದ ಹೊಣೆ ಹೊತ್ತಿದ್ದವರು. ಅಭ್ಯರ್ಥಿಯ ಆಯ್ಕೆಯನ್ನು ಪ್ರಶ್ನಿಸಿ ಅಕ್ಟೋಬರಿನಲ್ಲಿ ಉಚ್ಚಾಟಿತರಾಗಿ, ಕೆಲವೇ ದಿನಗಳಲ್ಲಿ ಎಡರಂಗ ಬೆಂಬಲಿತ ಅಭ್ಯರ್ಥಿಯಾಗಿ ಸ್ಟೆತಸ್ಕೋಪ್ ಚಿಹ್ನೆಯಡಿ ಕಣಕ್ಕಿಳಿದರು. ಟಿವಿ ಚರ್ಚೆಗಳಲ್ಲಿ ಬಿಜೆಪಿಯ ಖಡಕ್ ಮಾತುಗಾರರಾಗಿ ಪರಿಚಿತರಾಗಿದ್ದ ಸಂದೀಪ್ ವಾರಿಯರ್ ಮತದಾನಕ್ಕೆ ನಾಲ್ಕು ದಿನವಿರುವಾಗ, ನವೆಂಬರ್ 16ರಂದು ಕಾಂಗ್ರೆಸ್ಸಿಗೆ ಬಂದರು. ನಿನ್ನೆಯವರೆಗೆ ಅವರ ಮಾತುಗಳನ್ನು ಖಂಡಿಸುತ್ತಿದ್ದ ಕಾಂಗ್ರೆಸ್ ಹಾರ ಹಾಕಿತು. ಅವರ ಹಳೆಯ ಹೇಳಿಕೆಗಳನ್ನು ಎಡರಂಗದ ಪರ ಜಾಹೀರಾತಾಗಿ ಎರಡು ಪತ್ರಿಕೆಗಳಲ್ಲಿ ಮತದಾನದ ಮುನ್ನಾದಿನ ಅಚ್ಚು ಹಾಕಿಸಲಾಯಿತು. ಸರಿನ್ ಕಾಂಗ್ರೆಸ್ಸಿನಲ್ಲಿದ್ದಾಗ ಸಿಪಿಎಂ ಬಗ್ಗೆ ಬರೆದಿದ್ದ ಸಂಗತಿಗಳೂ ಮೇಲೆದ್ದು ಬಂದವು. ಹಿಂದಿನ ಕಾಲದ ಪಕ್ಷಾಂತರಿಗೆ ಇಲ್ಲದ ಕಷ್ಟವಿದು. ಅವನ ಹಳೆಯ ಭಾಷಣ ಗಾಳಿಯಲ್ಲಿ ಕರಗಿ ಹೋಗುತ್ತಿತ್ತು. ಇಂದಿನವನ ಮಾತು ಎದುರಾಳಿಯ ಫೋನಿನಲ್ಲಿ ಭದ್ರವಾಗಿರುತ್ತದೆ.

ಫಲಿತಾಂಶ ಹೀಗಿತ್ತು: ಕಾಂಗ್ರೆಸ್ಸಿನ ರಾಹುಲ್ ಮಾಂಕೂಟ್ಟತ್ತಿಲ್ 58,389, ಬಿಜೆಪಿಯ ಸಿ. ಕೃಷ್ಣಕುಮಾರ್ 39,549, ಸರಿನ್ 37,293. 2021ರಲ್ಲಿ ಇದೇ ಕ್ಷೇತ್ರದಲ್ಲಿ ಎಡರಂಗದ ಅಭ್ಯರ್ಥಿಗೆ ಬಿದ್ದ ಮತ 36 ಸಾವಿರಕ್ಕೆ ತುಸು ಮೇಲೆ. ಎಂದರೆ ಕಾಂಗ್ರೆಸ್ಸಿನಿಂದ ಸಿಡಿದು ಬಂದ ಒಬ್ಬ ಪ್ರತಿಭಾವಂತ ತನ್ನ ಜತೆಗೆ ತಂದ ಮತ ಸಾವಿರದ ಆಸುಪಾಸು. ಅಷ್ಟು ದಿನಗಳ ಟಿವಿ ಚರ್ಚೆ, ಅಷ್ಟು ಜಾಹೀರಾತು, ಅಷ್ಟು ಬೈಗುಳ ಎಲ್ಲದರ ನಿವ್ವಳ ಉತ್ಪತ್ತಿ ಅಷ್ಟೇ. ಪಕ್ಷ ಬದಲಿಸಿದವನ ಹಿಂದೆ ಜನಸಾಗರ ಹರಿದು ಬರುತ್ತದೆಂಬ ನಂಬಿಕೆ ಪಕ್ಷದ ಕಚೇರಿಗಳಲ್ಲಿ ಇರುವಷ್ಟು ಮತಗಟ್ಟೆಗಳಲ್ಲಿ ಇಲ್ಲ.

ಕಾಯಿದೆ ಏನು ಹೇಳುತ್ತದೆಂದು ಕೇಳುವ ಪೋಷಕರಿದ್ದಾರೆ. 1985ರ 52ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿ ಸಂಸದರಿಗೂ ಶಾಸಕರಿಗೂ ಅನ್ವಯಿಸುತ್ತದೆ. ಸ್ವ ಇಚ್ಛೆಯಿಂದ ಪಕ್ಷ ತೊರೆದರೆ, ಪಕ್ಷದ ಆದೇಶಕ್ಕೆ ವಿರುದ್ಧವಾಗಿ ಮತ ಹಾಕಿದರೆ ಸದಸ್ಯತ್ವ ಹೋಗುತ್ತದೆ. ಮೂರನೆಯ ಒಂದು ಭಾಗ ಒಡೆದು ಹೋದರೆ ತಪ್ಪಲ್ಲವೆಂಬ ರಿಯಾಯಿತಿಯನ್ನು 2003ರಲ್ಲಿ ತೆಗೆದುಹಾಕಲಾಯಿತು. ಮೂರನೆಯ ಎರಡು ಭಾಗ ಒಪ್ಪಿ ಇನ್ನೊಂದು ಪಕ್ಷದಲ್ಲಿ ವಿಲೀನವಾಗುವ ದಾರಿ ಉಳಿದಿದೆ. ಉಚ್ಚಾಟಿತ ಸದಸ್ಯನೂ ಕಾಯಿದೆಯ ಕಣ್ಣಿನಲ್ಲಿ ತನ್ನನ್ನು ಗೆಲ್ಲಿಸಿದ ಪಕ್ಷದವನೇ, ಇನ್ನೊಂದು ಪಕ್ಷ ಸೇರಿದರೆ ಅನರ್ಹನಾಗುತ್ತಾನೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿದೆ. ಅಬ್ದುಲ್ಲಕುಟ್ಟಿಯವರ ಮೊದಲ ಉಚ್ಚಾಟನೆಯ ವರ್ಷದಲ್ಲೇ ಆ ಲೋಕಸಭೆಯ ಅವಧಿ ಮುಗಿದಿತ್ತು, ಎರಡನೆಯ ಸಲ ಅವರು ಯಾವ ಸದನದಲ್ಲೂ ಇರಲಿಲ್ಲ. ಸರಿನ್, ವಾರಿಯರ್ ಶಾಸಕರೇ ಆಗಿರಲಿಲ್ಲ. ಕಾಯಿದೆಯ ಕೈಗೆ ಇವರಲ್ಲಿ ಯಾರೂ ಸಿಗುವವರಲ್ಲ. ಸಿಕ್ಕವರ ಗತಿಯನ್ನೂ ಕರ್ನಾಟಕ ಕಂಡಿದೆ. 2019ರಲ್ಲಿ ಅನರ್ಹಗೊಂಡ 17 ಶಾಸಕರ ಅನರ್ಹತೆಯನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತಾದರೂ ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲವೆಂದಿತು. ಆ ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ನಡೆದ ಉಪಚುನಾವಣೆಯಲ್ಲಿ 12ನ್ನು ಬಿಜೆಪಿ ಗೆದ್ದಿತು. ಅನರ್ಹರಾಗಿ ಹೊರಗೆ ಹೋದವರಲ್ಲಿ ಹೆಚ್ಚಿನವರು ಹೊಸ ಚಿಹ್ನೆಯಲ್ಲಿ ಒಳಗೆ ಬಂದರು.

ಸ್ಥಳೀಯ ಸಂಸ್ಥೆಗಳಿಗೆ ರಾಜ್ಯಗಳು ಬೇರೆ ಕಾಯಿದೆ ಮಾಡಿಕೊಂಡಿವೆ. ಮಹಾರಾಷ್ಟ್ರದ್ದು 1986ರದು, ಕರ್ನಾಟಕದ್ದು 1987ರದು, ಕೇರಳದ್ದು 1999ರದು. ಕೇರಳದ ಕಾಯಿದೆಯಲ್ಲಿ ಒಂದು ಗುಣವಿದೆ. ಶಾಸಕರ ವಿಷಯದಲ್ಲಿ ತೀರ್ಪು ಕೊಡುವವರು ಸ್ಪೀಕರ್, ಅವರೂ ಒಂದು ಪಕ್ಷದಿಂದ ಬಂದವರು. ಇಲ್ಲಿ ಪಂಚಾಯತು, ನಗರಸಭೆ ಸದಸ್ಯರ ಪಕ್ಷಾಂತರದ ದೂರು ರಾಜ್ಯ ಚುನಾವಣಾ ಆಯೋಗದ ಮುಂದೆ ಹೋಗುತ್ತದೆ. ಅನರ್ಹನಾದವನು ಆರು ವರ್ಷ ಸ್ಪರ್ಧಿಸುವಂತಿಲ್ಲ. ಪಕ್ಷೇತರನಾಗಿ ಗೆದ್ದವನು ಮುಂದೆ ಪಕ್ಷ ಸೇರಿದರೂ ಅದು ಪಕ್ಷಾಂತರವೇ. ಕಾಗದದ ಮೇಲೆ ಇದು ದೇಶದ ಕಟ್ಟುನಿಟ್ಟಾದ ಕಾಯಿದೆಗಳಲ್ಲಿ ಒಂದೆನ್ನಬಹುದು. ಆದರೂ ಕಣ್ಣೂರು, ಮಟ್ಟತ್ತೂರುಗಳು ಸಂಭವಿಸುತ್ತವೆ. ದೂರು, ವಿಚಾರಣೆ, ಮೇಲ್ಮನವಿಗಳ ಕಾಲ ಒಂದು, ಆಡಳಿತ ಮಾಡುವ ಕಾಲ ಇನ್ನೊಂದು.

ಇನ್ನು ನಮ್ಮ ಮಾತು. 1957ರ ಮೊದಲ ಕೇರಳ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ಅನಂತರದ ದಿನಗಳಲ್ಲಿ ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿ ಆ ಕ್ಷೇತ್ರವನ್ನು ಪ್ರತಿನಿಧಿಸಿದರು. ಅಂದು ಕನ್ನಡಿಗರ ಬೇಡಿಕೆಯೇ ಪಕ್ಷವಾಗಿತ್ತು, ಬದಲಿಸಲು ಬೇರೆ ಪಕ್ಷವಿರಲಿಲ್ಲ. ಆ ಕಾಲ ಕಳೆಯಿತು. ಈಗ ನಮ್ಮ ಮತಗಳು ಎಲ್ಲ ಪಕ್ಷಗಳಲ್ಲೂ ಹಂಚಿವೆ. ಅದು ಸಹಜವೂ ಹೌದು. ಸಂಖ್ಯೆ ಸಣ್ಣದಾದರೂ ಬೆಲೆ ಸಣ್ಣದಲ್ಲ: 2016ರಲ್ಲಿ ಮಂಜೇಶ್ವರದ ಫಲಿತಾಂಶ ನಿರ್ಣಯವಾದದ್ದು 89 ಮತಗಳಿಂದ, 2021ರಲ್ಲಿ 745 ಮತಗಳಿಂದ. ಇಷ್ಟು ಕಡಿಮೆ ಅಂತರವಿರುವಲ್ಲಿ ಪ್ರತಿಯೊಂದು ಪಕ್ಷದ ಅಭ್ಯರ್ಥಿಯೂ ಕನ್ನಡ ಶಾಲೆಯ ಅಂಗಳಕ್ಕೆ ಬರುತ್ತಾನೆ, ಕನ್ನಡದಲ್ಲೇ ಎರಡು ಮಾತಾಡುತ್ತಾನೆ, ಅಧ್ಯಾಪಕರ ಕೊರತೆ ನೀಗಿಸುತ್ತೇನೆನ್ನುತ್ತಾನೆ.

ಅಲ್ಲಿಯೇ ಒಂದು ಎಡವಟ್ಟಿದೆ. ಕನ್ನಡ ಮಾಧ್ಯಮ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕಗೊಂಡು ಬರುವುದು ನಮ್ಮ ಹಳೆಯ ವ್ರಣ. ಪೋಷಕರು ಮನವಿ ಬರೆದು ವಾರ್ಡ್ ಸದಸ್ಯನ ಕೈಗೆ ಕೊಡುತ್ತಾರೆ, ಅವನೂ ಭರವಸೆ ಕೊಡುತ್ತಾನೆ. ಆದರೆ ಪ್ರಾಥಮಿಕ ಶಾಲೆಯ ಕಟ್ಟಡ, ಹಂಚು, ನೀರಿನ ಟ್ಯಾಂಕಿಗಳು ಪಂಚಾಯತು ಅಥವಾ ನಗರಸಭೆಯ ಅಧೀನದಲ್ಲಿದ್ದರೆ, ಗ್ರಾಮ ಪ್ರದೇಶದ ಸರಕಾರಿ ಪ್ರೌಢಶಾಲೆಯವು ಜಿಲ್ಲಾ ಪಂಚಾಯತಿನ ಅಧೀನದಲ್ಲಿವೆ. ಅಧ್ಯಾಪಕರ ಆಯ್ಕೆ ಪಿ.ಎಸ್.ಸಿ.ಯದು, ನೇಮಕ ಶಿಕ್ಷಣ ಇಲಾಖೆಯದು. 2017ರಲ್ಲಿ ಹತ್ತನೆಯ ತರಗತಿಯವರೆಗೆ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದ್ದು ರಾಜ್ಯದ ಶಾಸನ, 2025ರ ಮಲಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿದ್ದು ವಿಧಾನಸಭೆ. ವಾರ್ಡ್ ಸದಸ್ಯ ಯಾವ ಪಕ್ಷಕ್ಕೆ ಹಾರಿದರೂ ಅಧ್ಯಾಪಕರ ವಿಷಯದಲ್ಲಿ ಅವನ ಕೈಯಲ್ಲಿ ಇದ್ದದ್ದು ಅಷ್ಟರಲ್ಲೇ ಇತ್ತು. ಹಂಚಿನ ವಿಷಯದಲ್ಲಿ ಮಾತ್ರ ಅವನ ಹಾರಾಟದಿಂದ ನಮಗೆ ನಿಜವಾದ ನಷ್ಟವಾಗಬಹುದು, ಏಕೆಂದರೆ ಹೊಸ ಆಡಳಿತ ಹಳೆಯದರ ಯೋಜನಾ ಪಟ್ಟಿಯನ್ನು ತಿದ್ದುವುದು ರೂಢಿ. ಶಾಸಕನ ಜಿಗಿತ ಬೇರೆ. ಮಸೂದೆ ಚರ್ಚೆಗೆ ಬರುವ ದಿನ ನಮ್ಮ ಪರವಾಗಿ ಏಳಬೇಕಾದವನು ಹೊಸ ಪಕ್ಷದ ಆದೇಶಕ್ಕೆ ಬದ್ಧನಾಗಿ ಕುಳಿತಿದ್ದರೆ, ಆ ಮೌನಕ್ಕೆ ಅನರ್ಹತೆಯ ಶಿಕ್ಷೆಯಿಲ್ಲ. ಯಾವ ಪೋಷಕನೂ ಆಯೋಗಕ್ಕೆ ದೂರು ಕೊಡುವಂತಿಲ್ಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಓದುಗರು ಇದನ್ನು ಓದಿ ಕೇರಳದ ಪಕ್ಷಾಂತರಗಳನ್ನು ಮಕ್ಕಳಾಟವೆಂದಾರು. ಮಹಾರಾಷ್ಟ್ರದಲ್ಲಿ ವ್ಯಕ್ತಿಗಳು ಪಕ್ಷ ಬದಲಿಸುವುದು ಹೋಗಿ ಪಕ್ಷಗಳೇ ಎರಡಾದವು: 2022ರಲ್ಲಿ ಶಿವಸೇನೆ, 2023ರಲ್ಲಿ ಎನ್‌ಸಿಪಿ. ಅಲ್ಲಿ ಚಿಹ್ನೆ ನೋಡಿ ಮತ ಹಾಕಿದವನಿಗೆ ಚಿಹ್ನೆಯೇ ಬೇರೆಯವರ ಪಾಲಾಯಿತು. ಆ ವಿಚಾರಕ್ಕೆ ಬೇರೆಯೇ ಲೇಖನ ಬೇಕು.

ನಮ್ಮ ರಕ್ಷಕ ಶಿಕ್ಷಕ ಸಂಘಗಳ ಕಡತಗಳನ್ನು ತೆರೆದು ನೋಡಿದರೆ ಒಂದು ಸಾಮ್ಯ ಕಾಣುತ್ತದೆ. ಮನವಿಗಳೆಲ್ಲ ವ್ಯಕ್ತಿಯ ಹೆಸರಿಗಿವೆ. ಸ್ವೀಕೃತಿಯ ಮುದ್ರೆಯಿಲ್ಲ, ಕಡತ ಸಂಖ್ಯೆಯಿಲ್ಲ. ಮದುವೆಮನೆಯಲ್ಲೋ ಜಾತ್ರೆಯ ಗದ್ದೆಯಲ್ಲೋ ಕೈಗಿತ್ತವು ಬಹಳ. ಆ ವ್ಯಕ್ತಿ ಮುಂದಿನ ವರ್ಷ ಬೇರೆ ವೇದಿಕೆಯಲ್ಲಿದ್ದಾಗ ಕೇಳಲು ಹೋದವರಿಗೆ ಸಿಗುವ ಉತ್ತರವೂ ಒಂದೇ: ಅದು ಆಗಿನ ಆಡಳಿತದ ಕಾಲದ್ದು. 1969ರ ಕೇರಳ ಅಧಿಕೃತ ಭಾಷಾ ಶಾಸನ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ ಹಕ್ಕು ಕೊಟ್ಟಿದೆ. ಮಾತೃಭಾಷೆಯ ಪ್ರಾಥಮಿಕ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿ ಇದೆ, ದೂರು ಕೇಳಲು 350ಬಿ ವಿಧಿಯ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿದ್ದಾರೆ. ಇವು ಯಾವುವೂ ಚುನಾವಣೆಯ ಮರುದಿನ ಪಕ್ಷ ಬದಲಿಸುವುದಿಲ್ಲ. ಹಾಗೆಂದು ಜನಪ್ರತಿನಿಧಿಯನ್ನು ಬಿಟ್ಟುಬಿಡಬೇಕೆಂದು ನಾವು ಹೇಳುತ್ತಿಲ್ಲ. ಕಡತವನ್ನು ಮೇಜಿನಿಂದ ಮೇಜಿಗೆ ದೂಡಲು ಅವನ ಫೋನು ಬೇಕೇ ಬೇಕು. ಕಡತವೇ ಇಲ್ಲದೆ ಅವನ ಫೋನನ್ನು ಮಾತ್ರ ನಂಬಿ ಕುಳಿತದ್ದು ನಮ್ಮ ಪಾಲಿನ ತಪ್ಪು.

ಹೊಸ ಆಡಳಿತ ಸಮಿತಿಗಳು ಈಗ ಅಧಿಕಾರಕ್ಕೆ ಬಂದಿವೆ, ಮುಂದಿನ ವರ್ಷದ ಯೋಜನೆಗಾಗಿ ಗ್ರಾಮಸಭೆ, ವಾರ್ಡು ಸಭೆಗಳು ಸೇರುತ್ತವೆ. ಈ ಸಭೆಗಳಲ್ಲಿ ಮಂಡಿಸಲು ಒಂದು ಶಾಲೆಯ ಪೋಷಕರು ಸಿದ್ಧಪಡಿಸಿದ ಮನವಿಯ ಕರಡನ್ನು ನಾವು ನೋಡಿದೆವು. ಎರಡು ತರಗತಿ ಕೋಣೆಗಳ ಮಾಡು, ಒಂದು ಕನ್ನಡ ಅಧ್ಯಾಪಕ ಹುದ್ದೆ, ಹೊತ್ತಿಗೆ ಸರಿಯಾಗಿ ಪಠ್ಯಪುಸ್ತಕ. ಮೊದಲ ಸಾಲಿನಲ್ಲಿ ಸದಸ್ಯರ ಹೆಸರು ಬರೆದು, ಹಿರಿಯರೊಬ್ಬರು ಅದನ್ನು ಹೊಡೆದುಹಾಕಿದ್ದರು. ಮಾಡಿನ ಮನವಿ ಪಂಚಾಯತು ಕಾರ್ಯದರ್ಶಿಗೆ, ಅಧ್ಯಾಪಕರದೂ ಪುಸ್ತಕದ್ದೂ ಉಪಜಿಲ್ಲಾ ವಿದ್ಯಾಧಿಕಾರಿಗೆ ಎಂದು ಎರಡು ಪತ್ರಗಳಾಗಿ ಬೇರ್ಪಡಿಸಿ, ಎರಡರ ಕೆಳಗೂ ಬರೆದಿದ್ದರು: ಪ್ರತಿ, ವಾರ್ಡಿನ ಸದಸ್ಯರಿಗೆ. ಹೆಸರಿನ ಜಾಗ ಖಾಲಿಯಿತ್ತು.